ಬೆವರದ ಐಸು

ಗಾದೆಪ್ಪನನ್ನು ಬೈದಷ್ಟು ನಾನು ಇನ್ಯಾರನ್ನೂ ಬೈದಿಲ್ಲ. ನನ್ನ ಹೆಂಡತಿಯ ತಮ್ಮನನ್ನೂ ಲೆಕ್ಕಕ್ಕೆ ಹಿಡಿದೇ ಈ ಮಾತು ಹೇಳುತ್ತಿದ್ದೇನೆ. ಹಾಗೆ ಬೈದವನೇ ಇವತ್ತು ಅವನ ಕಥೆ ಬರೆಯಲು ಕೂತಿದ್ದೇನೆ ಎಂದರೆ ಅವನ ಋಣ ನನ್ನ ಮೇಲೆ ಎಷ್ಟಿರಬೇಕು, ನೀವೇ ನೋಡಿ.

ನಾನು ಜಂಬುನಾಥ, ಸಿರುಗುಪ್ಪ ತಾಲೂಕಿನ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಫಾರ್ಮಸಿಸ್ಟ್. ಯಾವ ಕೇಂದ್ರ ಅಂತ ಕೇಳಬೇಡಿ. ಮಕ್ಕಳ ಲಸಿಕೆ ಇಡುವ ಫ್ರಿಜ್ಜಿನ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಗುರುವಾರ ಬೆಳಿಗ್ಗೆ ಶೀಶೆಗಳನ್ನು ನೀಲಿ ಪೆಟ್ಟಿಗೆಗೆ ಹಾಕಿ, ಸುತ್ತ ನಾಲ್ಕು ಐಸ್ ಪ್ಯಾಕ್ ಜೋಡಿಸಿ ಕಳಿಸುವುದು ನನ್ನ ಕೆಲಸ. ಆ ಪೆಟ್ಟಿಗೆಯನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಕರೂರು ಮತ್ತು ಸುತ್ತಲಿನ ಹಳ್ಳಿಗಳ ಅಂಗನವಾಡಿಗೆ ಮುಟ್ಟಿಸಿ, ಉಳಿದದ್ದನ್ನು ಸಂಜೆಗೆ ವಾಪಸು ತರುವುದು ಗಾದೆಪ್ಪನ ಕೆಲಸವಾಗಿತ್ತು.

ಅವನು ಕುರುಗೋಡು ತಾಲೂಕಿನ ಬಾದನಹಟ್ಟಿಯವನು. ಇಪ್ಪತ್ತೆರಡು ವರ್ಷ ಐಸ್ ಕ್ಯಾಂಡಿ ಮಾರಿದ ಜೀವ. ಬೆಳಗಿನ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋಗಿ, ಐಸ್ ಫ್ಯಾಕ್ಟರಿಯಲ್ಲಿ ಕ್ಯಾಂಡಿ ತುಂಬಿಸಿಕೊಂಡು, ಡಬ್ಬಿಯ ಸುತ್ತ ಗೋಣಿತಟ್ಟು, ಅದರೊಳಗೆ ನೆಲ್ಲಿನ ಹೊಟ್ಟು ಒತ್ತಿ, ಬಿಸಿಲು ನೆತ್ತಿಗೇರುವುದರೊಳಗೆ ಕುರುಗೋಡಿಗೆ ಬಂದು ಸೈಕಲ್ ಹತ್ತುತ್ತಿದ್ದನಂತೆ. ಬಳ್ಳಾರಿಯ ಬಿಸಿಲಿನಲ್ಲಿ ನಾಲ್ಕು ತಾಸು ಐಸನ್ನು ಕಲ್ಲಿನಂತೆ ಕಾಪಾಡುವುದು ಸಣ್ಣ ವಿದ್ಯೆಯಲ್ಲ. 'ಬೆವತ ಐಸು ಸತ್ತ ಐಸು' ಎನ್ನುವುದು ಅವನ ಧರ್ಮಶಾಸ್ತ್ರ. ಕಿರಾಣಿ ಅಂಗಡಿಗೊಂದು ಫ್ರಿಜ್ಜು ಬಂದ ಮೇಲೆ ಕ್ಯಾಂಡಿ ಕೇಳುವವರು ಇಲ್ಲವಾದರು. ಹೆಂಡತಿಯ ಊರು ಸಿರುಗುಪ್ಪಕ್ಕೆ ಬಂದು ನೆಲೆಸಿದ. ಹಳ್ಳಿಹಾದಿ ತುಳಿದು ಗೊತ್ತಿದ್ದವನು, ತಣ್ಣನೆಯ ಪೆಟ್ಟಿಗೆ ಹೊತ್ತು ಗೊತ್ತಿದ್ದವನು ಎಂದು ಹಿಂದಿನ ಡಾಕ್ಟರು ಅವನನ್ನು ಈ ಕೆಲಸಕ್ಕೆ ಹಚ್ಚಿದರು.

ಅವನಿಗೆ ನಾನು ಕಲಿಸಿದ ಮೊದಲ ಪಾಠವೇ ಅವನ ಧರ್ಮಕ್ಕೆ ಉಲ್ಟಾ ಇತ್ತು. ಡೀಪ್ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಪೆಟ್ಟಿಗೆಗೆ ಹಾಕುವಂತಿಲ್ಲ. ಮೇಜಿನ ಮೇಲೆ ಹರಡಿ ಕಾಯಬೇಕು. ಮೈತುಂಬ ನೀರು ಬೆವರಬೇಕು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಆಮೇಲೆ ಪೆಟ್ಟಿಗೆಗೆ. ಗಾದೆಪ್ಪ ಪ್ರತಿ ಗುರುವಾರ ಆ ಮೇಜಿನ ಮುಂದೆ, ಸುಡುವ ಕೆಂಡದ ಮೇಲೆ ನಿಂತವನ ಹಾಗೆ ಕಾಲು ಬದಲಿಸುತ್ತ ನಿಲ್ಲುತ್ತಿದ್ದ.

"ಸರ್, ಇದು ಐಸಿಗಿ ಮಾಡೋ ಮೋಸ ನೋಡ್ರಿ. ನಲವತ್ತೆರಡು ಡಿಗ್ರಿ ಬಿಸಲೈತಿ, ಹಾದ್ಯಾಗ ಕರಗಿ ನೀರಾದ್ರ?"

"ಕರಗಲಿ. ನಿನ್ನ ಶ್ಯಾಣೇತನ ಕ್ಯಾಂಡಿಗಿ ಇಟ್ಕಾ" ಎನ್ನುತ್ತಿದ್ದೆ ನಾನು. ಯಾಕೆ ಎಂದು ಮಾತ್ರ ಒಂದು ದಿನವೂ ಬಿಡಿಸಿ ಹೇಳಲಿಲ್ಲ. ಕೆಳಗಿನವನಿಗೆ ಕಾರಣ ಹೇಳಿದರೆ ನಮ್ಮ ಕುರ್ಚಿಯ ಎತ್ತರ ಕಡಿಮೆಯಾಗುತ್ತದೆ ಎಂಬ ಭ್ರಮೆ ನಮ್ಮಂಥವರಿಗೆ.

ಕರೂರಿನ ಗಂಗೋತ್ರಿ ಇಪ್ಪತ್ಮೂರರ ಹೆಣ್ಣುಮಗಳು, ನೆಲ್ಲಿನ ಗದ್ದೆಗೆ ಕೂಲಿಗೆ ಹೋಗುವವಳು. ಚೊಚ್ಚಲ ಮಗ ಸಮ್ರಾಟ್. ಒಂದೂವರೆ ತಿಂಗಳಿಗೆ ಅವನಿಗೆ ಮೊದಲ ಸೂಜಿ ಹಾಕಿಸಿದಳು. ಐದು ರೋಗಗಳಿಗೆ ಒಂದೇ ಸೂಜಿ ಅದು; ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಎಲ್ಲ ಅದರಲ್ಲೇ ಬರುತ್ತವೆ. ಮಗುವಿಗೆ ಎರಡು ದಿನ ಜ್ವರ ಬಂದು, ತೊಡೆ ಬಾತು, ಅತ್ತು ಅತ್ತು ಮನೆ ಒಂದು ಮಾಡಿತು. ಅತ್ತೆ ಮಾರೆಮ್ಮ, "ಚಲೋ ಇದ್ದ ಕೂಸಿಗಿ ಕೈಯಾರೆ ಜ್ವರ ತಂದಿ" ಎಂದು ಸೊಸೆಯನ್ನು ಕುಟುಕಿದಳು. ಎರಡನೇ ಸೂಜಿಯ ಗುರುವಾರ ಹತ್ತಿರ ಬಂದಾಗ ಗಂಗೋತ್ರಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು, ಬರುವುದಿಲ್ಲ ಎಂದು.

ನರ್ಸ್ ನೇತ್ರಾ ಸಿಸ್ಟರ್ ಹೇಳಿದರೂ ಕೇಳದವಳ ಮನೆಗೆ ಗಾದೆಪ್ಪ ತಾನಾಗಿ ಹೋದ. ಕೂಸನ್ನು ಎತ್ತಿಕೊಂಡ. ಆಣೆಯನ್ನೂ ಮಾಡಿದ.

"ತಂಗೀ, ಆ ಮದ್ದು ಹಾದ್ಯಾಗ ಬಿಸಿ ಆಗಿರತೈತಿ, ಅದಕ್ಕ ಕೂಸಿನ ಮೈ ಸುಟ್ಟೈತಿ. ಈ ಸಲ ನಾ ಗಟ್ಟಿ ಐಸಿನಾಗ ಇಟ್ಟು ತರ್ತೀನಿ. ಜ್ವರ ಬಂದ್ರ ನನ್ನ ಕೇಳು."

ಇಪ್ಪತ್ತೆರಡು ವರ್ಷ ಐಸು ಮಾರಿದವನ ತಲೆಯಲ್ಲಲ್ಲದೆ ಇನ್ಯಾರ ತಲೆಯಲ್ಲೂ ಈ ಆಲೋಚನೆ ಹುಟ್ಟಲಾರದು. ಮದ್ದು ಉಷ್ಣ, ಐಸು ತಂಪು, ಲೆಕ್ಕ ಚುಕ್ತಾ!

ಆ ಗುರುವಾರ ನಾನು ಬಳ್ಳಾರಿಯ ಮೀಟಿಂಗಿನಲ್ಲಿದ್ದೆ. ಬುಧವಾರ ಸಂಜೆಯೇ ಬೀಗದ ಕೈ ಸಿಸ್ಟರ್ ಕೈಗೆ ಕೊಟ್ಟಿದ್ದೆ. ರಿಜಿಸ್ಟರಿನಲ್ಲಿ 'ಐಸ್ ಪ್ಯಾಕ್ ಬೆವರಿಸಿ ಹಾಕಲಾಗಿದೆ' ಎಂಬ ಸಾಲಿನ ಮುಂದೆ ಸಹಿಯನ್ನೂ ಹಿಂದಿನ ದಿನವೇ ಹಾಕಿಟ್ಟಿದ್ದೆ. ಸಿಸ್ಟರ್ ಶೀಶೆ ತೆಗೆದುಕೊಟ್ಟು ಬೇರೆ ಸಾಮಾನು ಹೊಂದಿಸಲು ಒಳಗೆ ಹೋದರು. ಗಾದೆಪ್ಪ ಫ್ರೀಜರಿನ ತಳದಿಂದ ಬೆರಳು ಅಂಟುವಷ್ಟು ಗಟ್ಟಿಯಾದ ನಾಲ್ಕು ಪ್ಯಾಕ್ ತೆಗೆದು, ನಡುವೆ ಎರಡು ಶೀಶೆ ಇಟ್ಟು, ಮುಚ್ಚಳ ಒತ್ತಿ ಹೊರಟ.

ಏಳು ಮಕ್ಕಳಿಗೆ ಎರಡನೇ ಸೂಜಿ ಬಿತ್ತು. ಹತ್ತು ಮಕ್ಕಳಿಗಾಗುವ ಒಂದು ಶೀಶೆ ತೆರೆದರು, ಇನ್ನೊಂದು ತೆರೆಯದೆ ಹಾಗೇ ವಾಪಸು ಬಂತು. ಸಮ್ರಾಟನಿಗೆ ಜ್ವರ ಬರಲಿಲ್ಲ.

ಮುಂದಿನ ಬುಧವಾರ ಗಾದೆಪ್ಪ ಮದುವೆ ಗಂಡಿನಂತೆ ನನ್ನ ಕೋಣೆಗೆ ಬಂದ. ಗಂಗೋತ್ರಿ ಓಣಿತುಂಬ ಹೇಳಿಕೊಂಡು ತಿರುಗುತ್ತಿದ್ದಾಳಂತೆ, ಬೇರೆ ತಾಯಂದಿರೂ "ನಮಗೂ ಗಾದೆಪ್ಪಣ್ಣನ ತಣ್ಣನ ಸೂಜಿನ ಬೇಕು" ಎನ್ನುತ್ತಿದ್ದಾರಂತೆ. ಹೇಗೆ ಮಾಡಿದೆ ಎಂಬುದನ್ನು ಒಂದೂ ಬಿಡದೆ ವಿವರಿಸಿದ. ನನ್ನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

"ಲೇ ಗಾದೆಪ್ಪಾ, ನೀ ಏಳು ಕೂಸಿಗಿ ಬರೀ ನೀರು ಚುಚ್ಚಿಸಿ ಬಂದಿಯಲ್ಲಲೇ!"

ಅವನಿಗೆ ಅರ್ಥವಾಗಲಿಲ್ಲ. ಇಷ್ಟು ವರ್ಷ ಹೇಳದ ಕಾರಣವನ್ನು ಆಗ, ಕೂತಲ್ಲಿ ಕೂರಲಾರದೆ ಎದ್ದು ಓಡಾಡುತ್ತ ಹೇಳಿದೆ.

"ಕಾಲಿಗಿ ಮುಳ್ಳು ನಟ್ರ ತೊಡೆಸಂದ್ಯಾಗ ಗಂಟು ಏಳತೈತಿ ಇಲ್ಲೋ?"

"ಏಳತೈತಿ ಸರ್."

"ಯಾಕ ಏಳತೈತಿ ಗೊತ್ತೈತೇನು?"

ನಮ್ಮ ಚರ್ಮ ಒಂದು ಗೋಡೆ. ಅದು ತೂತಾದರೆ ಒಳಗೆ ನುಗ್ಗಿದ ಕ್ರಿಮಿಯ ಮೇಲೆ ಮೊದಲು ಬೀಳುವುದು ರಕ್ತದಲ್ಲಿ ಅಲೆಯುವ ಕಾವಲಿನ ಕಣಗಳು. ಇವು ಹೆಸರು, ಊರು ಕೇಳುವುದಿಲ್ಲ, ಪರಕೀಯ ಎಂದು ಕಂಡದ್ದನ್ನು ನುಂಗುತ್ತವೆ. ಕೆಂಪಾಗುವುದು, ಊದುವುದು, ಮೈ ಬಿಸಿಯಾಗುವುದು ಎಲ್ಲ ಆ ಜಗಳದ ಗದ್ದಲ. ಅವುಗಳಲ್ಲಿ ಕೆಲವು ತಾವು ಹಿಡಿದದ್ದರ ಒಂದು ಚೂರನ್ನು ತೊಡೆಸಂದಿಯ ಗಂಟಿಗೆ ಒಯ್ಯುತ್ತವೆ. ಅಲ್ಲಿ ಲಕ್ಷಾಂತರ ಬೇರೆ ಕಣಗಳು ಕಾದಿರುತ್ತವೆ. ಒಂದೊಂದಕ್ಕೂ ಒಂದೊಂದೇ ಶತ್ರುವಿನ ಗುರುತು ಹಿಡಿಯಲು ಬರುತ್ತದೆ. ಚೂರು ಯಾವುದಕ್ಕೆ ಹೊಂದುತ್ತದೋ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು, ಆ ಕ್ರಿಮಿಗೇ ಅಂಟಿಕೊಳ್ಳುವ ಪ್ರತಿಕಾಯಗಳನ್ನು ರಕ್ತಕ್ಕೆ ಬಿಡುತ್ತದೆ. ಇದಕ್ಕೆ ವಾರ, ಎರಡು ವಾರ ಬೇಕು. ಗಂಟಲುಮಾರಿ ಅಷ್ಟು ದಿನ ಕಾಯುವುದಿಲ್ಲ, ಕೂಸಿನ ಉಸಿರು ಕಟ್ಟಿಸಿಬಿಡುತ್ತದೆ. ಆದರೆ ಒಮ್ಮೆ ಕಲಿತ ಆ ಪಡೆಯಲ್ಲಿ ಕೆಲವರು ಸಾಯದೆ ಉಳಿದು ನೆನಪಿಟ್ಟುಕೊಂಡಿರುತ್ತಾರೆ. ಎರಡನೇ ಸಲ ಅದೇ ಶತ್ರು ಬಂದರೆ ಕಾಯುವ ಮಾತಿಲ್ಲ. ಲಸಿಕೆ ಎಂದರೆ ರೋಗವನ್ನು ತರದೆ ಅದರ ಗುರುತನ್ನು ಮಾತ್ರ ಮೈಗೆ ತೋರಿಸುವುದು. ಒಂದು ಸಲ ತೋರಿಸಿದರೆ ಸಾಲದು, ಎರಡು ಮೂರು ಸಲ ತೋರಿಸಿದರೆ ನೆನಪು ಗಟ್ಟಿಯಾಗುತ್ತದೆ.

ನೆನಪು ಎಂದೊಡನೆ ಗಾದೆಪ್ಪ ತಲೆ ಎತ್ತಿದ. ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಬಾದನಹಟ್ಟಿಯಲ್ಲಿ ಅವನಿಗೆ ಒಂಬತ್ತು ವರ್ಷಕ್ಕೆ ಮೈಮೇಲೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದು ಹೋಗಿದ್ದಳು. ಆಮೇಲೆ ಊರಲ್ಲಿ ಯಾರ ಮನೆಯ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದರೂ, ಆರೈಕೆಗೆ ಒಳಗೆ ಹೋಗಲು ಎಲ್ಲರೂ ಹೆದರುವಾಗ, "ಇವನಿಗೆ ಒಮ್ಮೆ ಬಂದು ಹೋಗೈತಿ, ಇನ್ನ ಬರಂಗಿಲ್ಲ" ಎಂದು ಗಾದೆಪ್ಪನನ್ನು ಕಳಿಸುತ್ತಿದ್ದರು. ಮಜ್ಜಿಗೆ ಕುಡಿಸಿ, ಬೇವಿನೆಲೆಯಿಂದ ಗಾಳಿ ಬೀಸಿ ಬರುತ್ತಿದ್ದ. ಎಷ್ಟು ಮನೆ ಹೊಕ್ಕರೂ ಅವನಿಗೆ ಮತ್ತೆ ಬರಲಿಲ್ಲ.

"ಅಂದ್ರ ಸರ್, ಆ ಏಳು ಕೂಸಿನ ಮೈಗಿ ಗುರುತು ಸಿಕ್ಕಿಲ್ಲೇನ್ರಿ?"

"ಬಾವಿ ನೀರು ತಿಳಿ ಮಾಡಾಕ ಪಟಿಕ ಹಾಕ್ತೀವಲ್ಲ, ಆ ಜಾತಿದು ಒಂದು ಉಪ್ಪು ಈ ಮದ್ದಿನಾಗ ಇರತೈತಿ. ಗುರುತಿನ ಚೂರೆಲ್ಲ ಅದಕ್ಕ ಅಂಟಿಕೊಂಡಿರತಾವು. ಕಾವಲಿನವ್ರನ್ನ ಕೂಗಿ ಎಬ್ಬಿಸೋದೂ ಅದಽ. ಗಟ್ಟಿ ಐಸು ತಾಗಿ ಮದ್ದು ಹೆಪ್ಪುಗಟ್ಟಿತು ಅಂದ್ರ ಉಪ್ಪು ಗಂಟಾಗಿ ಹಿಡತ ಬಿಡತೈತಿ. ಕರಗಿದ ಮ್ಯಾಲ ನೋಡಾಕ ಮೊದಲಿನಂಗ ಹಾಲಿನಂಗಽ ಕಾಣತೈತಿ, ಖರೇ ಕೆಲಸ ಮಾಡಂಗಿಲ್ಲ."

ಶೀಶೆಯ ಮೇಲೆ ಒಂದು ಸಣ್ಣ ಚೌಕದ ಗುರುತಿದೆ. ಬಿಸಿ ತಾಗಿದರೆ ಅದು ಬಣ್ಣ ಬದಲಿಸಿ ಹೇಳುತ್ತದೆ. ಹೆಪ್ಪುಗಟ್ಟಿದ್ದನ್ನು ಹೇಳುವ ಗುರುತು ಮಾತ್ರ ಅದರ ಮೇಲಿಲ್ಲ.

"ಹಂಗಾದ್ರ ಜ್ವರ ಬರದಿದ್ದುದು?"

"ಅದು ಸಾಕ್ಷಿ ಅಲ್ಲ. ಚಲೋ ಮದ್ದು ಹಾಕಿದ್ರೂ ಎಷ್ಟೋ ಕೂಸಿಗಿ ಬರಂಗಿಲ್ಲ."

ಗಾದೆಪ್ಪ ನೆಲದ ಮೇಲೆ ಕೂತುಬಿಟ್ಟ. ಅವನು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ನನ್ನ ನಾಚಿಕೆಗೇಡಿನ ಮಾತು. ಅವನು ಹೋದ ಮೇಲೆ ನಾನು ಫ್ರಿಜ್ಜು ತೆಗೆದು, ವಾಪಸು ಬಂದಿದ್ದ ಆ ಶೀಶೆಯನ್ನು, ಉಳಿದಿದ್ದ ಒಂದೇ ಸಾಕ್ಷಿಯನ್ನು, ಜೇಬಿಗೆ ಹಾಕಿಕೊಂಡೆ. ಮನೆಗೆ ಹೋಗುವ ದಾರಿಯಲ್ಲಿ ಕಾಲುವೆ ಇದೆ. ಶೀಶೆ ನೀರಿಗೆ ಬಿದ್ದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದುಕೊಂಡೆ. ಮುಂಗಡ ಹಾಕಿದ ಆ ಸಹಿ ಕಣ್ಣ ಮುಂದೆ ಕುಣಿಯುತ್ತಿತ್ತು. ನಿವೃತ್ತಿಗೆ ಎರಡು ವರ್ಷ. ಏಳು ಮಕ್ಕಳಿಗೆ ಮೊದಲ ಸೂಜಿಯಾದರೂ ಬಿದ್ದಿದೆ, ಮುಂದಿನದೂ ಬೀಳುತ್ತದೆ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಜೋಗುಳ ಹಾಡಿಕೊಂಡೆ. ತಾಯಿಯ ಹೊಟ್ಟೆಯಿಂದ ಕಟ್ಟಿಕೊಂಡು ಬಂದ, ರೋಗ ತಡೆಯುವ ಬುತ್ತಿ ಕೂಸಿಗೆ ನಾಲ್ಕಾರು ತಿಂಗಳಲ್ಲಿ ತೀರಿಹೋಗುತ್ತದೆ ಎಂದು ಈ ಬಾಯಿಂದಲೇ ತರಬೇತಿಯಲ್ಲಿ ಪಾಠ ಹೇಳಿದವನು ನಾನು.

ಗೇಟಿನ ಹತ್ತಿರ ಗಾದೆಪ್ಪ ನಿಂತಿದ್ದ. ಮನೆಗೆ ಹೋಗಿರಲಿಲ್ಲ. ಮೊಪೆಡ್ಡಿನ ಹಗ್ಗ ಬಿಚ್ಚುವುದು, ಮತ್ತೆ ಕಟ್ಟುವುದು, ಅದನ್ನೇ ಮಾಡುತ್ತಿದ್ದ.

"ಸರ್, ವಾಪಸ್ ಬಂದ ಶೀಶಿ ಐತಲ್ರಿ, ಅದನ್ನ ನೋಡಿದ್ರ ಗೊತ್ತಾಗತೈತೇನ್ರಿ?"

ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ. ಅವನು ಆ ಕೈಯನ್ನೇ ನೋಡಿದ. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ತಗೀರಿ ಸರ್" ಎಂದ, ಮೆಲ್ಲಗೆ. "ನಾ ಆ ಕೂಸನ್ನ ಎತಗೊಂಡು ಆಣಿ ಮಾಡೀನಿ."

ಒಳಗೆ ವಾಪಸು ಹೋದೆವು. ಅದೇ ಬ್ಯಾಚಿನ ಇನ್ನೊಂದು ಶೀಶೆಯನ್ನು ಬೇಕೆಂತಲೇ ಡೀಪ್ ಫ್ರೀಜರಿಗೆ ಹಾಕಿ ಇಡೀ ರಾತ್ರಿ ಬಿಟ್ಟೆವು. ಬೆಳಿಗ್ಗೆ ಅದು ಕರಗಿದ ಮೇಲೆ ಮೇಜಿನ ಮೇಲೆ ಮೂರು ಶೀಶೆ ಇಟ್ಟೆವು: ಫ್ರಿಜ್ಜು ಬಿಟ್ಟು ಕದಲದ್ದು ಒಂದು, ನಾವೇ ಹೆಪ್ಪುಗಟ್ಟಿಸಿದ್ದು ಒಂದು, ಕರೂರಿಗೆ ಹೋಗಿ ಬಂದದ್ದು ಒಂದು. ಮೂರನ್ನೂ ಒಟ್ಟಿಗೆ ಅಲುಗಾಡಿಸಿ ಬಿಟ್ಟಾಗ ಮೂರೂ ಹಾಲಿನಂತೆ ಬೆಳ್ಳಗಿದ್ದವು. ಗಾದೆಪ್ಪ ಮೂಗು ಮೇಜಿಗೆ ತಾಗುವಷ್ಟು ಬಗ್ಗಿ ನೋಡುತ್ತಿದ್ದ. ಐದು ನಿಮಿಷ, ಹತ್ತು ನಿಮಿಷ. ಹೆಪ್ಪುಗಟ್ಟಿಸಿದ ಶೀಶೆಯಲ್ಲಿ ಮದ್ದು ಚೂರು ಚೂರಾಗಿ ತಳಕ್ಕಿಳಿದು ಮೇಲೆ ತಿಳಿನೀರು ಬಿಟ್ಟಿತು. ಫ್ರಿಜ್ಜಿನದು ಬೆಳ್ಳಗೇ ಇತ್ತು. ಕರೂರಿನದೂ ತಳಕ್ಕಿಳಿಯಿತು.

"ಬರ್ರಿ, ದೊಡ್ಡ ಡಾಕ್ಟರ್ ಕಡಿ ಹೋಗೂನು" ಎಂದವನು ಅವನೇ. ನಾನು ಅವನ ಹಿಂದೆ ಹೋದೆ.

ಡಾಕ್ಟರು ಬಳ್ಳಾರಿಗೆ ಫೋನ್ ಮಾಡಿ ಕೇಳಿದರು. ಆ ಏಳು ಸೂಜಿ ಲೆಕ್ಕಕ್ಕಿಲ್ಲ, ಮಕ್ಕಳಿಗೆ ಮತ್ತೆ ಹಾಕಬೇಕು ಎಂದು ತೀರ್ಮಾನವಾಯಿತು. ಶನಿವಾರ ನಾವು ಮೂವರು ಕರೂರಿಗೆ ಹೋದೆವು: ನೇತ್ರಾ ಸಿಸ್ಟರ್, ನಾನು, ಗಾದೆಪ್ಪ. ಕಾರಣ ಏನು ಹೇಳುವುದೆಂದು ದಾರಿಯಲ್ಲಿ ನಾನು ಎರಡು ಮೂರು ಚಂದದ ಸುಳ್ಳು ಹೊಂದಿಸಿಕೊಂಡಿದ್ದೆ. ಅಂಗನವಾಡಿಯ ಮುಂದೆ ತಾಯಂದಿರು ಸೇರಿದ ಕೂಡಲೇ ಗಾದೆಪ್ಪ ಎಲ್ಲವನ್ನೂ ಕೆಡಿಸಿದ.

"ನಾ ಗಟ್ಟಿ ಐಸು ಹಾಕಿ ಮದ್ದು ಕೆಡಿಸೀನ್ರವ್ವಾ. ಯಾರ ತಪ್ಪೂ ಇಲ್ಲ, ನಂದಽ. ಅದಕ್ಕ ನಿಮ್ಮ ಮಕ್ಕಳಿಗಿ ಮತ್ತ ಹಾಕಾಕ ಬಂದೀವಿ."

ಬಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕನ್ನಡ ಮುಗಿದ ಮೇಲೆ ತೆಲುಗಿನಲ್ಲಿ ಮುಂದುವರಿಸಿದರು. ಸಿಸ್ಟರ್ ಕೈಮುಗಿದು ತಿಳಿಹೇಳಿದ ಮೇಲೆ ಆರು ಮಂದಿ ಗೊಣಗುತ್ತಲೇ ಒಪ್ಪಿದರು. ಗಂಗೋತ್ರಿ ಮಾತ್ರ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋಗಿ ಕದ ಹಾಕಿಕೊಂಡಳು.

ಗಾದೆಪ್ಪ ಆ ಕದದ ಮುಂದೆ ನಿಂತ. ಕಟ್ಟೆಯ ಮೇಲೆ ಕೂರುವುದು, ಏಳುವುದು, ಓಣಿಯ ತುದಿಗೆ ಹೋಗಿ ಬರುವುದು. ಎರಡು ತಾಸಾಯಿತು. ನೆರಳು ಕಟ್ಟೆಯಿಂದ ಸರಿದುಹೋಯಿತು. ನಾನು ವಾಚು ನೋಡುತ್ತ ಸಿಡಿಮಿಡಿಗೊಂಡೆ. ಕೊನೆಗೆ ಅವಳೇ ಕದ ತೆಗೆದಳು.

"ಜ್ವರ ಬರಂಗಿಲ್ಲ ಅಂತ ಆಣಿ ಮಾಡಿದ್ಯಲ್ಲಣ್ಣಾ. ಓಣಿಗೆಲ್ಲ ಹೇಳೀನಿ ನಾನು. ಈಗ ನಮ್ಮತ್ತಿ ಮುಂದ ಹ್ಯಾಂಗ ತಲಿ ಎತ್ತಲಿ?"

"ಆ ಆಣಿ ಸುಳ್ಳು ತಂಗೀ. ಈ ಸಲ ಜ್ವರ ಬರಬೌದು, ಬರದೇನೂ ಇರಬೌದು. ಬಂದ್ರ ಒಳಗ ಕಾವಲಿನವ್ರು ಎದ್ದು ಕೆಲಸ ನಡಸ್ಯಾರ ಅಂತ ತಿಳಕಾ. ನಿನಗ ಹೇಳಾಕ ನನಗ ಯಾವ ಮುಖಾನೂ ಉಳದಿಲ್ಲ. ನಿನ್ನ ಮಗನ ಮೈಗಿ ಮಾತ್ರ ಗುರುತು ತೋರಿಸದಽ ಬಿಡಬ್ಯಾಡ."

ಒಳಗಿನಿಂದ ಮಾರೆಮ್ಮನ ದನಿ ಬಂತು. "ಜ್ವರ ಬಂದ್ರ ಹೊತಗೊಂಡು ತಿರಗೋರ್ಯಾರು? ಇವನಽ ತಿರಗಲಿ. ಬಿಡು, ಚುಚ್ಚಲಿ."

ಹಾಗೇ ಆಯಿತು. ಸೂಜಿ ಹಾಕಿ ಸಿಸ್ಟರೂ ನಾನೂ ವಾಪಸಾದೆವು. ಗಾದೆಪ್ಪ ಉಳಿದ. ಬಾದನಹಟ್ಟಿಯಲ್ಲಿ ಬೇವು ಕಟ್ಟಿದ ಮನೆಗಳಿಗೆ ಹೋಗುತ್ತಿದ್ದವನು ನಲವತ್ತು ವರ್ಷದ ಮೇಲೆ ಮತ್ತೆ ಒಂದು ಮನೆಗೆ ಆರೈಕೆಗೆ ಹೋದಂತಾಯಿತು. ನನಗೆ ಮನೆಯಲ್ಲಿ ಊಟ ಸೇರಲಿಲ್ಲ. ಸಂಜೆ ಇನ್ನೂ ಬೆಳಕಿರುವಾಗಲೇ ಜ್ವರದ ಹನಿ ಔಷಧಿ ಹಿಡಿದುಕೊಂಡು ಮತ್ತೆ ಕರೂರಿಗೆ ಹೋದೆ. ಸಿಸ್ಟರ್ ಅದನ್ನು ಆಗಲೇ ಕೊಟ್ಟು ಬಂದಿದ್ದರು, ಆದರೂ ಹೋದೆ.

ಗಾದೆಪ್ಪ ಅಂಗಳದಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಕೂಸು ಅಳುತ್ತಿತ್ತು. ಗಂಗೋತ್ರಿ ಬಾಗಿಲಲ್ಲಿ ಮುಖ ಬಿಗಿದುಕೊಂಡು ಕೂತಿದ್ದಳು. ಗಾದೆಪ್ಪ ನನ್ನ ಕೈ ಹಿಡಿದು ಕೂಸಿನ ಬೆನ್ನ ಮೇಲೆ ಇಟ್ಟ.

"ಮುಟ್ಟಿ ನೋಡ್ರಿ ಸರ್. ಬಿಸಿ ಐತಿ."

ಜ್ವರ ಸಾಕ್ಷಿಯಲ್ಲ ಎಂದು ಅವನಿಗೆ ಹೇಳಿದವನು ನಾನೇ. ಆದರೂ ಕೈಯನ್ನು ಆ ಬೆನ್ನಿನಿಂದ ತೆಗೆಯಲಿಲ್ಲ. ನನ್ನ ಕಣ್ಣು ತುಂಬಿಬಂದಿತ್ತು.

ಮುಂದಿನದು ಕಾಗದದ ಕೆಲಸ. ನನಗೆ ಕಾರಣ ಕೇಳಿ ನೋಟಿಸು ಬಂತು. 'ತಪ್ಪು ನನ್ನದು, ಸಹಿ ಮುಂಗಡವಾಗಿ ಹಾಕಿದ್ದೆ' ಎಂದು ಬರೆದುಕೊಟ್ಟೆ. ಗಾದೆಪ್ಪನನ್ನು ಪೆಟ್ಟಿಗೆಯ ಕೆಲಸದಿಂದ ತೆಗೆದರು. ನಾನು ಮಾತಾಡಿ ನೋಡಿದೆ, ಆಗಲಿಲ್ಲ. ಅವನು ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಕೆಲಸಕ್ಕೆ ಸೇರಿದ. ಪೆಟ್ಟಿಗೆ ಈಗ ಪಕ್ಕೀರಪ್ಪ ಎಂಬುವವನು ಒಯ್ಯುತ್ತಾನೆ, ಹುಷಾರಿನ ಮನುಷ್ಯ.

ಮುಂದಿನ ತಿಂಗಳು ಕರೂರಿನ ಗುರುವಾರ ಬಂತು, ಮೂರನೇ ಸೂಜಿಯದು. ಹನ್ನೊಂದು ಗಂಟೆಗೆ ಸಿಸ್ಟರ್ ಫೋನ್.

"ಸರ್, ಏಳೂ ಮಂದಿ ತಾಯಂದ್ರು ಬಂದು ಕುಂತಾರ, ಕೂಸು ಮಾತ್ರ ಕೊಡವಲ್ರು. ಗಾದೆಪ್ಪಣ್ಣ ಬಂದು ಐಸು ನೋಡಲಿ ಅಂತಾರ. ಗಂಗೋತ್ರಿನ ಮುಂದ ಕುಂತಾಳ."

"ಐಸು ನಾನಽ ನೋಡಿ ಹಾಕೀನಿ ಅಂತ ಹೇಳ್ರಿ."

"ಹೇಳಿದೆ ಸರ್. ನಿಮ್ಮನ್ನ ನಂಬಂಗಿಲ್ಲಂತ."

ಗಿರಣಿಗೆ ಹೋಗಿ, ಮೈಯೆಲ್ಲ ತೌಡಾಗಿದ್ದ ಗಾದೆಪ್ಪನನ್ನು ನನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಕರೂರಿಗೆ ಹೋದೆ. ಅವನು ಯಾರ ಮುಖವನ್ನೂ ನೋಡಲಿಲ್ಲ. ಪಕ್ಕೀರಪ್ಪ ಪೆಟ್ಟಿಗೆ ತೆಗೆದು ಒಂದು ಪ್ಯಾಕ್ ಕೊಟ್ಟ. ಗಾದೆಪ್ಪ ಅದನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಅಲುಗಾಡಿಸಿದ.

"ನೀರು ಕುಲುಕಾಕತ್ತೈತಿ" ಎಂದ.

ಗಂಗೋತ್ರಿ ಸಮ್ರಾಟನ ತೊಡೆಯ ಮೇಲಿನ ಬಟ್ಟೆ ಸರಿಸಿದಳು.